ರೇಷ್ಮೆ ಮನೆಯ ನಾಯಿಗೆ ಉಣ್ಣೆ ಔಷಧಿ

ಹೊಂಗನೂರಿನ ಕೆಂಚ ಮತ್ತೊಮ್ಮೆ ನನ್ನ ಮೇಜಿನ ಮೇಲೆ ಬಂದು ನಿಂತಾಗ ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಕಿವಿ ಮಗುಚಿ ನೋಡಿದೆ. ಹರಳು ಬೀಜದ ಹಾಗೆ ಊದಿಕೊಂಡ ಉಣ್ಣೆಗಳು ಸಾಲಾಗಿ ಕೂತಿದ್ದವು. ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ, ಕಂಕುಳಲ್ಲಿ, ಎಲ್ಲಿ ಬೆರಳಿಟ್ಟರೂ ಅವೇ. ಮೂರು ವಾರದ ಹಿಂದೆ ಈ ನಾಯಿಯ ಕತ್ತಿನ ಹಿಂದಿನ ಕೂದಲು ಬಿಡಿಸಿ ಚರ್ಮದ ಮೇಲೆ ಉಣ್ಣೆ ಔಷಧಿ ಬಿಟ್ಟವನು ನಾನೇ. ಸರಿಯಾಗಿ ಬಿದ್ದಿದ್ದರೆ ಒಂದು ತಿಂಗಳು ಒಂದೂ ಹತ್ತಿರ ಸುಳಿಯಬಾರದು.

“ಏನ್ರೀ ಇದು?” ಅಂದೆ.

“ಮತ್ತೆ ಬಂದ್ಬುಟ್ಟವೆ ಸಾ,” ಅಂದ ನಾಯಿಯ ಯಜಮಾನ. ಮಾತು ಕಡಿಮೆಯ ಮನುಷ್ಯ. ಹೊಂಗನೂರಿನಲ್ಲಿ ಗಂಡ ಹೆಂಡತಿ ಸೇರಿ ರೇಷ್ಮೆ ಹುಳು ಸಾಕುತ್ತಾರೆ ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಮೊಪೆಡ್ಡಿನ ಕಾಲಿಡುವ ಜಾಗದಲ್ಲಿ ಕೆಂಚನನ್ನು ಕೂರಿಸಿಕೊಂಡು ಚನ್ನಪಟ್ಟಣದ ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದ.

“ಬಂದ್ಬುಟ್ಟವೆ ಅಂದ್ರೆ? ನೆಂಟರಾ ಬರಕ್ಕೆ?”

ಆತ ನೆಲ ನೋಡಿದ. ನನ್ನ ಬಾಯಿ ಸ್ವಲ್ಪ ಜೋರು. ನಾಯಿಗೆ ಯಾವತ್ತೂ ಬೈದವನಲ್ಲ, ಕರೆದುಕೊಂಡು ಬಂದವರನ್ನು ಬಿಟ್ಟವನೂ ಅಲ್ಲ.

ಸಿಟ್ಟಿಗೆ ಕಾರಣವಿತ್ತು. ಕೆಂಚನಿಗೆ ಬರೀ ಉಣ್ಣೆ ಕಾಟವಲ್ಲ, ಉಣ್ಣೆ ಜ್ವರ. ಉಣ್ಣೆ ಕಚ್ಚುವಾಗ ಅದರ ಬಾಯಿಂದ ಒಂದು ಸೂಕ್ಷ್ಮಾಣು ನಾಯಿಯ ರಕ್ತಕ್ಕೆ ಇಳಿಯುತ್ತದೆ. ಮೊದಲು ಜ್ವರ, ಊಟ ಬಿಡುವುದು, ಆಮೇಲೆ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕುಸಿಯುವುದು. ಮೊದಲ ಸಲ ಬಂದಾಗಲೇ ರಕ್ತ ಪರೀಕ್ಷೆ ಮಾಡಿಸಿ, ಒಂದು ತಿಂಗಳು ದಿನವೂ ಊಟದ ಜೊತೆ ಕೊಡುವ ಮಾತ್ರೆ ಬರೆದುಕೊಟ್ಟಿದ್ದೆ. ಮಾತ್ರೆ ಒಳಗಿನ ರೋಗಾಣುವನ್ನು ಕೊಲ್ಲಬೇಕು, ಮೇಲೆ ಬಿಟ್ಟ ಔಷಧಿ ಹೊರಗಿನ ಉಣ್ಣೆಯನ್ನು ಕೊಲ್ಲಬೇಕು. ಒಂದು ಕೆಲಸ ಮಾಡಿ ಇನ್ನೊಂದು ಬಿಟ್ಟರೆ ತೂತಿನ ಕೊಡಕ್ಕೆ ನೀರು ಹೊತ್ತ ಹಾಗೆ.

ಔಷಧಿ ಬಿಟ್ಟ ಜಾಗವನ್ನೇ ನೋಡಿದೆ. ಅಂಗೈಯಗಲ ಕೂದಲು ಉದುರಿ ಚರ್ಮ ಕೆಂಪಾಗಿ ಸುಲಿದಿತ್ತು. ಮುಟ್ಟಿದರೆ ಕೆಂಚ ಮೈ ಕುಗ್ಗಿಸುತ್ತಿದ್ದ.

“ದನಕ್ಕೆ ಹಾಕೋ ಉಣ್ಣೆ ಔಷಧಿ ಏನಾದ್ರೂ ಬಳಿದ್ರಾ?”

“ಇಲ್ಲ ಸಾ, ದನದ್ದು ಮುಟ್ಟೇ ಇಲ್ಲ. ಮನೇಲಿ ಬೆಕ್ಕು ಬೇರೆ ಐತೆ. ಅದ್ಕೆ ಆಗಲ್ಲ ಅಂತ ನೀವೇ ಅಂದಿದ್ರಲ್ಲ.”

ಅಂದಿದ್ದೆ, ನಿಜ. ದನದ ಔಷಧಿಯನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ನಾಯಿಗೆ ಸವರಿ, ಆ ನಾಯಿಯ ಪಕ್ಕ ಮಲಗಿದ ಬೆಕ್ಕು ನಡುಗಿ ನಡುಗಿ ಸತ್ತದ್ದನ್ನು ನೋಡಿದ್ದೇನೆ. ಕೆಲವು ಔಷಧಿ ನಾಯಿಗೆ ಸಲ್ಲುತ್ತದೆ, ಬೆಕ್ಕಿಗೆ ವಿಷ. ಅದಕ್ಕೇ ಬೆಕ್ಕಿರುವ ಮನೆ ಎಂದರೆ ಎಲ್ಲರಿಗೂ ಈ ಪಾಠ ಒಪ್ಪಿಸುತ್ತೇನೆ.

ಹಾಗಾದರೆ ಈ ಸುಟ್ಟ ಹಾಗಿನ ಗಾಯ ಎಲ್ಲಿಂದ ಬಂತು? ನನ್ನ ಔಷಧಿ ನಾಯಿಯ ಮೈಗೆ ಒಗ್ಗಿಲ್ಲ ಅಂದುಕೊಂಡೆ. ಅಪರೂಪಕ್ಕೆ ಆಗುತ್ತದೆ. ಆದರೆ ಮೈಗೆ ಒಗ್ಗದಿದ್ದರೂ ಉಣ್ಣೆ ಸಾಯಬೇಕಲ್ಲ. ಮಾಲು ನಕಲಿಯೇ ಇರಬೇಕು ಎಂದು ಔಷಧಿ ತಂದುಕೊಡುವವನಿಗೆ ಫೋನು ಹಚ್ಚಿ ಕೂಗಾಡಿದೆ. ಆತ, “ಅದೇ ಡಬ್ಬದ್ದು ಬೈರಾಪಟ್ಟಣದ ನಾಯಿಗೂ ಹಾಕಿದ್ರಲ್ಲ ಸಾರ್, ಅದು ಹೆಂಗೈತೆ?” ಅಂದ. ಬೈರಾಪಟ್ಟಣದ ನಾಯಿ ಚೆನ್ನಾಗಿತ್ತು. ಪೇಟೆಯ ನಾಯಿಗಳೂ ಚೆನ್ನಾಗಿದ್ದವು. ನನಗೆ ತಲೆ ಕೆಟ್ಟುಹೋಯಿತು.

ಗಾಯಕ್ಕೆ ಮುಲಾಮು ಹಚ್ಚಿದೆ. ಇಕ್ಕಳ ಹಿಡಿದು ಕೈಗೆ ಸಿಕ್ಕಷ್ಟು ಉಣ್ಣೆ ಕಿತ್ತು ಸ್ಪಿರಿಟ್ಟಿನ ಬಾಟಲಿಗೆ ಹಾಕಿದೆ. ಈ ಸಲ ಬೇರೆ ಕಂಪನಿಯ ಸ್ಪ್ರೇ ತೆಗೆದು, ಗಾಯ ಬಿಟ್ಟು ಬೆನ್ನು, ಹೊಟ್ಟೆ, ಕಾಲು ಎಲ್ಲಕ್ಕೂ ಹೊಡೆದೆ. “ಎರಡು ದಿನ ಸ್ನಾನ ಇಲ್ಲ. ಹುಳು ಮನೆ ಒಳಕ್ಕೆ ಬಿಡಬೇಡಿ. ತಿಳೀತಾ?” ಅಂದೆ.

“ಹೂಂ ಸಾ, ಕಟ್ಟಾಕ್ತೀವಿ,” ಅಂದ.

ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಬಂದ. ಕೆಂಚನ ಎಡ ಮೂಗಿನ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ತುಟಿ ಎತ್ತಿದರೆ ವಸಡು ಸುಣ್ಣದ ಗೋಡೆಯಂತೆ ಬೆಳ್ಳಗೆ. ಉಣ್ಣೆ ಎಂದಿನಂತೆ ಅಲ್ಲಲ್ಲೇ ಕೂತಿದ್ದವು. ಮತ್ತೆ ಆ ಗಾಯ, ಈಗ ಕತ್ತಿನಿಂದ ಬಾಲದವರೆಗೆ. ನಾನು ಎಲ್ಲೆಲ್ಲಿ ಔಷಧಿ ಹೊಡೆದಿದ್ದೆನೋ ಅಲ್ಲೆಲ್ಲ ಹರಡಿತ್ತು.

ನನಗೆ ಅಳು ಬರುವಷ್ಟು ಬೇಜಾರಾಯಿತು. ಮಾತ್ರೆ ಸರಿಯಾಗಿ ಕೊಟ್ಟಿದ್ದೀರಾ ಎಂದು ಕೇಳಿದೆ. ಹೆಂಡತಿ ಮುದ್ದೆಯೊಳಗಿಟ್ಟು ಒಂದು ದಿನವೂ ತಪ್ಪಿಸದೆ ಕೊಟ್ಟಿದ್ದಾಳೆ ಅಂದ. ಅದು ಸುಳ್ಳೆಂದು ಅನ್ನಿಸಲಿಲ್ಲ. ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟು, ಸಂಜೆಯವರೆಗೆ ಇಟ್ಟುಕೊಂಡೆ. ಕಳಿಸುವಾಗ ಹೇಳಿದೆ: “ನೋಡಪ್ಪ, ಇನ್ನೊಂದ್ಸಲ ಹಿಂಗೆ ಬಂದ್ರೆ ಇದು ಉಳಿಯಲ್ಲ. ನಾಳೆ ನಾನೇ ನಿಮ್ಮನೆಗೆ ಬರ್ತೀನಿ. ಇದು ಮಲಗೋ ಜಾಗ ನೋಡಬೇಕು.”

ಆತ ಮೊದಲ ಬಾರಿಗೆ ಗಾಬರಿಯಾದ. “ನೀವ್ಯಾಕೆ ಸಾ ಅಷ್ಟು ದೂರ, ನಾನೇ ಕರ್ಕಂಡು ಬತ್ತೀನಿ,” ಅಂದ. ನಾನು ಕೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹೋದೆ. ಊರಿನ ಹೊರಗೆ ಹಿಪ್ಪುನೇರಳೆ ತೋಟ, ಅದರ ತಲೆಯಲ್ಲಿ ಮನೆ, ಮನೆಗೆ ಅಂಟಿದಂತೆ ಉದ್ದನೆಯ ಹುಳು ಮನೆ. ಗೇಟಿನ ಹತ್ತಿರ ನೆಲದ ಮೇಲೆ ಅಡ್ಡಕ್ಕೆ ಸುಣ್ಣದ ಪಟ್ಟಿ, ಪಕ್ಕದಲ್ಲಿ ಒಂದು ಬೇಸಿನ್ ನೀರು. ಸೊಪ್ಪಿನ ಹೊರೆ ಇಳಿಸುತ್ತಿದ್ದ ಹೆಂಗಸು ನನ್ನನ್ನು ಕಂಡು ಓಡಿಬಂದು ಕೈ ಅಡ್ಡ ಹಿಡಿದಳು. ಯಜಮಾನನ ಹೆಂಡತಿ.

“ಅಲ್ಲೇ ನಿಂತ್ಕಳಿ ಸಾ. ಬ್ಯಾಗು ಆಚೆ ಕಟ್ಟೆ ಮ್ಯಾಲೆ ಮಡಗ್ಬುಡಿ. ಚಪ್ಲಿ ಬುಟ್ಟು, ಸುಣ್ಣ ತುಳ್ದು, ಕೈ ತೊಳ್ಕಂಡು ಬನ್ನಿ.”

“ಡಾಕ್ಟ್ರು ನಾನು. ಬ್ಯಾಗು ಬಿಟ್ಟು ಏನ್ ನೋಡಲಿ?”

“ಅದ್ರಲ್ಲಿ ಉಣ್ಣೆ ಔಸ್ದಿ ಐತಲ್ಲ ಸಾ. ಹುಳ ಮೂರ್ನೇ ಜ್ವರ ಎದ್ದು ಸೊಪ್ಪು ತಿಂತಾವೆ.”

ರೇಷ್ಮೆ ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೂರನೆಯದನ್ನು ಮುಗಿಸಿ ಎದ್ದಿವೆ ಎಂದರೆ ಗೂಡು ಕಟ್ಟಲು ಇನ್ನು ಎರಡು ವಾರವೂ ಇಲ್ಲ. ನಾನು ಗೊಣಗುತ್ತ ಬ್ಯಾಗು ಕಟ್ಟೆಯ ಮೇಲಿಟ್ಟೆ, ಚಪ್ಪಲಿ ಬಿಟ್ಟೆ, ಬೇಸಿನ್ನಿಗೆ ಕೈ ಅದ್ದಿದೆ. ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಹೊಡೆಯಿತು. ಈ ವಾಸನೆಯನ್ನು ನಾನು ಕೆಂಚನ ಮೈಮೇಲೆ ಎರಡೂ ಸಲ ಮೂಸಿದ್ದೆ. ಯಜಮಾನನ ಬಟ್ಟೆಯದ್ದು ಅಂದುಕೊಂಡಿದ್ದೆ.

ಒರೆಸಿಕೊಳ್ಳಲು ಆಕೆ ಬಟ್ಟೆ ಚಾಚಿದಳು. ಆಕೆಯ ಅಂಗೈ ನೋಡಿದೆ. ಕೆಂಪಾಗಿ ಸುಲಿದು, ಬೆರಳ ಗೆಣ್ಣುಗಳಲ್ಲಿ ಬಿರುಕು ಬಿಟ್ಟಿತ್ತು. ಕೆಂಚನ ಬೆನ್ನೂ ಥೇಟ್ ಹೀಗೇ ಇತ್ತು.

“ನಾಯಿನ ಇದ್ರಲ್ಲಿ ತೊಳೆದ್ರಾ?” ಅಂದೆ.

ಆಕೆ ಗಂಡನ ಮುಖ ನೋಡಿದಳು. ಆತ ಎಂದಿನಂತೆ ನೆಲ ನೋಡುತ್ತಿದ್ದ.

“ಇವ್ರದೇನೂ ತಪ್ಪಿಲ್ಲ ಸಾ. ನಾನೇ ತೊಳ್ದಿದ್ದು. ನಿಮ್ತಾವಿಂದ ಬಂದ್ ಬಂದಂಗೇ ಆ ಕಲ್ಲಿನ್ ಮ್ಯಾಲೆ ಕುಂಡ್ರಿಸಿ ಉಜ್ಜಿ ತೊಳೀತಿದ್ದೆ. ಬರೀ ಸೋಪಲ್ಲಿ ವಾಸ್ನೆ ಹೋಗ್ಲಿಲ್ಲ. ಅದ್ಕೇ ಈ ನೀರು ಹಾಕ್ದೆ.”

ಪಿತ್ತ ನೆತ್ತಿಗೇರಿತು. ಅಲ್ಲಿ ನಿಂತು ನಾನು ಆಡಿದ ಮಾತುಗಳನ್ನು ಬರೆಯುವುದು ಬೇಡ. ನಾನು ಹಾಕುವುದು, ಇವರು ತೊಳೆಯುವುದು, ಮತ್ತೆ ನಾನು ಹಾಕುವುದು. ನಡುವೆ ನಾಯಿಯ ಚರ್ಮ ಸುಲಿದು, ರಕ್ತ ಬತ್ತಿ ಹೋಗಿದೆ. ಕಟ್ಟಿಹಾಕುತ್ತೇವೆ ಎಂದು ಹೂಂಗುಟ್ಟಿದ್ದು ಯಾಕೆ ಎಂದು ಕೇಳಿದೆ.

“ಕಟ್ಟಾಕಿದ್ವಿ ಸಾ. ಬೆಕ್ಕುನ್ನ ಹೆಂಗೆ ಕಟ್ಟಾಕದು?” ಅಂದಳು. “ಅದು ಕೆಂಚನ ಬೆನ್ನಿಗೆ ಒರಗ್ಕಂಡೇ ಮಲಗದು. ಎದ್ದು ಸೀದಾ ಹುಳದ ಮನೆಗೋಯ್ತದೆ. ಇಲಿ ಹಿಡಿಯಕ್ಕೆ ಅದು ಬೇಕೇ ಬೇಕು. ಹೋದ್ ಸಲ ಪಕ್ಕದ ತೋಟದೋರು ಟೊಮೇಟೊಗೆ ಹೊಡ್ದಿದ್ ಔಸ್ದಿ ಗಾಳೀಲಿ ಬಂತು. ಹುಳ ಹಸ್ರು ನೀರು ಕಕ್ಕಂಡು, ತಲೆ ಆಡಿಸ್ಕಂಡು ನನ್ ಕಣ್ಮುಂದೇನೇ ಸತ್ತೋದ್ವು. ಪೂರಾ ಬೆಳೆ ಗುಂಡಿಗೆ ಹಾಕಿ ಮುಚ್ಚುದ್ವಿ. ಇನ್ನೊಂದ್ಸಲ ಅದ್ನ ನೋಡಕ್ಕೆ ನನ್ ಕೈಲಾಗಲ್ಲ ಸಾ.”

“ನನಗೆ ಹೇಳಬಾರದಿತ್ತಾ?”

“ಹೇಳುದ್ರೆ ಮುಂದಕ್ಕೆ ನಾಯಿನೇ ಮುಟ್ಟಲ್ಲ ಅಂದ್ಬುಡ್ತೀರೇನೋ ಅಂತ,” ಅಂದ ಗಂಡ. “ನೀವು ಒಸಿ ಜಾಸ್ತೀನೇ ಬೈತೀರಲ್ಲ ಸಾ.”

ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಸುರಿಯುವುದೆಂದು ತಿಳಿಯಲಿಲ್ಲ. ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ಉಣ್ಣೆಯನ್ನು ಕೊಲ್ಲುವ ಔಷಧಿ ರೇಷ್ಮೆ ಹುಳುವನ್ನು ಗುರುತು ಹಿಡಿದು ಬಿಟ್ಟುಬಿಡುವುದಿಲ್ಲ. ಔಷಧಿ ಹಚ್ಚಿದರೆ ಹುಳ ಸಾಯಬಹುದು, ಹಚ್ಚದಿದ್ದರೆ ನಾಯಿ ಸಾಯುವುದು ಖಂಡಿತ. ಚಿರತೆ ಓಡಾಡುವ ಬಂಡೆ ಗುಡ್ಡ ತೋಟದ ಹಿಂದೆಯೇ ಇದೆ. ಬೆಳಗಿನ ಮಬ್ಬಿನಲ್ಲಿ ಸೊಪ್ಪು ಕೊಯ್ಯಲು ಆಕೆ ಕೆಂಚನನ್ನು ಮುಂದೆ ಬಿಟ್ಟುಕೊಂಡೇ ಹೋಗುವುದಂತೆ. ಅದಿಲ್ಲದ ದಿನ ತೋಟಕ್ಕೆ ಇಳಿಯಲು ಕಾಲು ಬರುವುದಿಲ್ಲ ಎಂದು ಗಂಡ ಹೇಳಿದ.

ಕೆಂಚ ಮಲಗುವ ಜಾಗ ನೋಡಿದೆ. ಹುಳು ಮನೆಯ ಹಿಂದೆ ಹಳೆಯ ಕಲ್ಲು ಮಣ್ಣಿನ ಗೋಡೆ, ಅದಕ್ಕೆ ಒರಗಿ ತಗಡಿನ ಒಂದು ಚಪ್ಪರ. ಗೋಡೆಯ ಸಂದಿಗೆ ಕಡ್ಡಿ ತೂರಿಸಿ ಕೆದಕಿದೆ. ಸಾಸಿವೆ ಉದುರಿದ ಹಾಗೆ ಮರಿ ಉಣ್ಣೆಗಳು ಉದುರಿದವು. ಉಣ್ಣೆ ತನ್ನ ಆಯುಷ್ಯದ ಹೆಚ್ಚು ಪಾಲು ಕಳೆಯುವುದು ನಾಯಿಯ ಮೇಲಲ್ಲ, ಇಂಥ ಬಿರುಕುಗಳಲ್ಲಿ. ರಕ್ತ ಕುಡಿದು ತುಂಬಿದ ಹೆಣ್ಣು ಕೆಳಗುದುರಿ, ಗೋಡೆ ಹತ್ತಿ, ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಈ ಗೋಡೆ ಹೀಗೇ ಇದ್ದರೆ ಮೈಮೇಲಿನ ಉಣ್ಣೆ ಕೀಳುತ್ತ ಕೂರುವುದು ದಂಡ. ಬೇರೆ ಮನೆಯಾಗಿದ್ದರೆ ಗೋಡೆಗೆ ಕೀಟನಾಶಕ ಹೊಡೆಸುತ್ತಿದ್ದೆ. ಇಲ್ಲಿ ಆ ಪದ ಬಾಯಿಗೆ ತರುವ ಹಾಗೂ ಇರಲಿಲ್ಲ.

ಬಾಯಿಗೆ ಕೊಡುವ ಉಣ್ಣೆ ಮಾತ್ರೆ ಇದೆ ಅಂದೆ. ಅದು ರಕ್ತಕ್ಕೆ ಸೇರುತ್ತದೆ, ಕಚ್ಚಿದ ಉಣ್ಣೆ ಸಾಯುತ್ತದೆ, ಕೂದಲ ಮೇಲೆ ಸವರುವುದೇನೂ ಇಲ್ಲ.

“ಅದ್ರಿಂದ ಹುಳಕ್ಕೆ ಏನೂ ಆಗಲ್ಲ ಅಂತ ಬರ್ಕೊಡ್ತೀರಾ ಸಾ?” ಅಂದ ಗಂಡ.

ಬರೆದುಕೊಡಲು ನನಗಾಗಲಿಲ್ಲ. ಒಳಗೆ ಹೋದದ್ದು ನಾಯಿಯ ಮಲದಲ್ಲಿ, ಮೂತ್ರದಲ್ಲಿ ಒಂದಿಷ್ಟು ಹೊರಗೆ ಬಂದೇ ಬರುತ್ತದೆ. ಸ್ಪ್ರೇಗಿಂತ ಅಪಾಯ ಎಷ್ಟೋ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದು ಆ ಹೆಂಗಸಿನ ಮುಖ ನೋಡಿಕೊಂಡು ಹೇಳುವ ಹಾಗಿರಲಿಲ್ಲ. ಕೆಂಚ ಚಪ್ಪರದ ಕೆಳಗೆ ಮಲಗಿ ಬಾಲದ ತುದಿ ಮಾತ್ರ ಆಡಿಸುತ್ತಿದ್ದ. ಕಾಯುತ್ತ ಕೂತರೆ ಗೂಡು ಆಗುವಷ್ಟರಲ್ಲಿ ಇವನು ಇರುವುದಿಲ್ಲ.

“ನಾನು ಕರ್ಕೊಂಡು ಹೋಗ್ತೀನಿ,” ಅಂದೆ. “ಗೂಡು ಮಾರಾಟ ಆಗಿ ಹುಳದ ಮನೆ ಖಾಲಿ ಆಗೋವರೆಗೂ ನನ್ನ ಹತ್ರ ಇರಲಿ. ಔಷಧಿ ಅಲ್ಲೇ. ನೀವು ಆ ದಿನ ಒಂದು ಕೆಲಸ ಮಾಡಬೇಕು. ಹುಳದ ತಟ್ಟೆ, ಸ್ಟ್ಯಾಂಡಿಗೆ ಬೆಂಕಿ ತೋರಿಸೋಕೆ ಫ್ಲೇಮ್ ಗನ್ ಇಟ್ಟಿದ್ದೀರಲ್ಲ, ಅದನ್ನ ಈ ಗೋಡೆಯ ಒಂದೊಂದು ಸಂದಿಗೂ ಹಿಡೀಬೇಕು. ಆಮೇಲೆ ಸುಣ್ಣದ ಗಾರೆ ಮೆತ್ತಿ ಬಿರುಕು ಮುಚ್ಚಬೇಕು.”

ಒಂದು ಬೆಳೆ ಮುಗಿದು ಇನ್ನೊಂದು ಹುಳು ತರುವ ಮೊದಲು ಆ ಗನ್ನಿನ ಬೆಂಕಿಯನ್ನು ಸಾಮಾನಿನ ಮೇಲೆ ಹಾಯಿಸಿ ರೋಗ ಕಳೆಯುವುದು ಅವರ ರೂಢಿ. ನಾಯಿ ಮಲಗುವ ಗೋಡೆಗೂ ಅದನ್ನು ಹಿಡಿಯುವ ಯೋಚನೆ ಅವರಿಗೆ ಬಂದಿರಲಿಲ್ಲ, ಆ ಗೋಡೆ ನೋಡುವವರೆಗೆ ನನಗೂ ಬಂದಿರಲಿಲ್ಲ. ಹೆಂಡತಿ ಒಳಗೆ ಹೋದಳು. ಕೆಂಚನನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದವನು ಗಂಡ.

ನನ್ನ ಕ್ಲಿನಿಕ್ಕಿನಲ್ಲಿ ನಾಯಿ ಇಟ್ಟುಕೊಳ್ಳಲು ಜಾಗವಿಲ್ಲ. ಔಷಧಿ ಡಬ್ಬ ಪೇರಿಸಿದ ಹಿಂದಿನ ಕೋಣೆಯಲ್ಲಿ ಗೋಣಿ ಹಾಸಿದೆ. ಉಣ್ಣೆ ಮಾತ್ರೆ ಕೊಟ್ಟ ಮಾರನೇ ದಿನವೇ ಗೋಣಿಯ ಮೇಲೆ ಸತ್ತ ಉಣ್ಣೆಗಳು ಉದುರಿದ್ದವು. ಬಾಚಣಿಗೆಯಲ್ಲಿ ಬಾಚಿ, ಕಿವಿಯೊಳಗೆ ಹತ್ತಿಯಿಂದ ಒರೆಸಿ, ಉಳಿದವನ್ನೂ ತೆಗೆದೆ. ಬೆನ್ನಿನ ಗಾಯಕ್ಕೆ ದಿನಕ್ಕೆರಡು ಸಲ ಮುಲಾಮು. ಅಬ್ಬ, ಕೊನೆಗೂ ಒಂದು ದಾರಿ ಸಿಕ್ಕಿತು ಅನ್ನುವಷ್ಟರಲ್ಲಿ ಆಸಾಮಿ ಊಟ ಬಿಟ್ಟ.

ಜ್ವರದ ಮಾತ್ರೆಯನ್ನು ಬರೀ ಹೊಟ್ಟೆಗೆ ಕೊಡುವ ಹಾಗಿಲ್ಲ. ಅನ್ನನಾಳ ಸುಡುತ್ತದೆ, ವಾಂತಿಯಾಗುತ್ತದೆ. ಕೋಳಿ ಬೇಯಿಸಿಟ್ಟೆ, ಮೊಟ್ಟೆ ಇಟ್ಟೆ, ಹಾಲು ಬಿಸ್ಕತ್ತು ಇಟ್ಟೆ. ಮೂಸಿ ಮುಖ ತಿರುಗಿಸಿದ. ಡ್ರಿಪ್ಪಿನಲ್ಲಿ ಎಷ್ಟು ದಿನ ತಳ್ಳುವುದು? ಹಟಮಾರಿ ನಾಯಿಯ ಮುಂದೆ ತಟ್ಟೆ ಹಿಡಿದು ಕೂತು, “ತಿನ್ನೋ ಮಾರಾಯ, ನಿನ್ನಿಂದ ನನ್ನ ಬಿಪಿ ಏರ್ತಿದೆ,” ಎಂದು ಅಂಗಲಾಚಿದೆ. ಕೊನೆಗೆ ಹೊಂಗನೂರಿಗೆ ಫೋನು ಮಾಡಿ ಹೆಂಡತಿಯನ್ನು ಒಮ್ಮೆ ಕಳಿಸಿ ಅಂದೆ. ಹುಳು ಕೊನೆಯ ಹಂತಕ್ಕೆ ಬಂದಿದ್ದವು. ಹೊತ್ತು ಹೊತ್ತಿಗೆ ಸೊಪ್ಪು ಹಾಕದೆ ಆಕೆ ಅಲುಗುವಂತಿರಲಿಲ್ಲ.

“ಹುಳಕ್ಕೆ ಸೊಪ್ಪು ಹಾಕಾದ್ಮ್ಯಾಲೇ ಅದು ಉಣ್ಣಾದು ಸಾ,” ಅಂದಳು ಫೋನಿನಲ್ಲಿ. “ನಾನು ಹುಳದ ಮನೆಯಿಂದ ಆಚೆ ಬಂದು ಕೂತ್ರೆ, ಆಗ ಬಂದು ತಿಂತದೆ. ಬಸ್ಸಲ್ಲಿ ಮುದ್ದೆ ಕಳಿಸ್ತೀನಿ, ಇಸ್ಕಳಿ.”

ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ನಾಯಿಯ ಊಟಕ್ಕಾಗಿ ಕಾದು ನಿಂತ ಪಶುವೈದ್ಯ ನಾನೊಬ್ಬನೇ ಇರಬೇಕು. ಕಂಡಕ್ಟರ್ ಒಂದು ಗಂಟು ಕೊಟ್ಟ. ಸೊಪ್ಪು ಹೊರುವ ಹಸಿರು ಕಲೆಯ ಬಟ್ಟೆ, ಅದರೊಳಗೆ ಡಬ್ಬಿಯಲ್ಲಿ ರಾಗಿ ಮುದ್ದೆ. ಗಂಟು ಬಿಚ್ಚಿ ಬಟ್ಟೆಯನ್ನು ನೆಲಕ್ಕೆ ಹಾಸಿದೆ. ಕೆಂಚ ಎದ್ದು ಬಂದು ಬಟ್ಟೆಯನ್ನು ಉದ್ದಕ್ಕೂ ಮೂಸಿ, ಅದರ ಮೇಲೆ ಕೂತು, ಮುದ್ದೆ ಮುಗಿಸಿದ. ಮಾತ್ರೆಯೂ ಅದರೊಳಗೇ ಹೋಯಿತು. ಅಂದಿನಿಂದ ದಿನವೂ ಬಸ್ಸಿನಲ್ಲಿ ಡಬ್ಬಿ ಬಂತು. ಖಾಲಿ ಡಬ್ಬಿಯನ್ನು ವಾಪಸು ಕಳಿಸಬೇಡಿ, ಅದರಲ್ಲಿ ನಿಮ್ಮ ಕೈಯ ಔಷಧಿ ವಾಸನೆ ಇರುತ್ತದೆ ಎಂದು ಆಕೆ ಹೇಳಿ ಕಳಿಸಿದಳು. ಕೋಣೆಯಲ್ಲಿ ಡಬ್ಬಿಗಳು ರಾಶಿ ಬಿದ್ದವು.

ಮೂಗಿನ ರಕ್ತ ನಿಂತಿತು. ವಸಡಿಗೆ ಮೆಲ್ಲಗೆ ಬಣ್ಣ ಬಂತು. ರಕ್ತ ಪರೀಕ್ಷೆಯಲ್ಲಿ ಕಣಗಳು ಏರಿದ್ದವು. ಬೆನ್ನಿನ ಮೇಲೆ ಹೊಸ ಕೂದಲು ಚಿಗುರಿ, ಸವರಿದರೆ ಕುಗ್ಗುವುದನ್ನು ಬಿಟ್ಟ. ಕ್ಲಿನಿಕ್ಕಿಗೆ ಬಂದವರ ಮೇಲೆ ಬೊಗಳಲು ಶುರುಮಾಡಿದಾಗ ಇನ್ನು ಇವನು ಬದುಕಿದ ಅಂದುಕೊಂಡೆ.

ಹುಳು ಹಣ್ಣಾಗಿ, ಚಂದ್ರಿಕೆಯ ಬಿದಿರು ತಟ್ಟೆ ಏರಿ, ಗೂಡು ಕಟ್ಟಿ, ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಸಂಜೆ ಗಂಡನ ಫೋನು ಬಂತು. “ಗೂಡು ಚೆನ್ನಾಗಿ ಆದ್ವು ಸಾ. ಹುಳದ ಮನೆ ಖಾಲಿ ಐತೆ. ನಾಳೆ ಬೆಂಕಿ ಹಿಡೀತೀನಿ,” ಅಂದ. ನಾನು ಕೇಳದೆ ಆತ ತಾನಾಗಿ ಅಷ್ಟು ಮಾತಾಡಿದ್ದು ಅದೇ ಮೊದಲು.

ಮಾರನೇ ದಿನ ಕೆಂಚನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಭಾಷಣ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ. ಮುಂದಿನ ಉಣ್ಣೆ ಮಾತ್ರೆಯನ್ನು ಎರಡು ಬೆಳೆಗಳ ನಡುವೆಯೇ ಕೊಡಬೇಕು, ನಾಯಿಯ ಮಲ ಎತ್ತಿ ಹುಳು ಮನೆಯಿಂದ ದೂರ ಹೂಳಬೇಕು, ವಾರಕ್ಕೊಮ್ಮೆ ಕಿವಿ, ಬೆರಳ ಸಂದಿ ನೋಡಬೇಕು, ಏನೇ ಆದರೂ ನನಗೆ ಸುಳ್ಳು ಹೇಳಬಾರದು. ಕೊನೆಯದನ್ನು ಸ್ವಲ್ಪ ಜೋರಾಗಿಯೇ ಹೇಳುವವನಿದ್ದೆ.

ಅಂಗಳದಲ್ಲಿ ತಟ್ಟೆ ಸ್ಟ್ಯಾಂಡುಗಳೆಲ್ಲ ಬಿಸಿಲಿಗೆ ಬಿದ್ದಿದ್ದವು. ಗಂಡ ಹಿಂದಿನ ಗೋಡೆಗೆ ಫ್ಲೇಮ್ ಗನ್ ಹಿಡಿದಿದ್ದ. ಸಂದಿಯೊಳಗೆ ಉಣ್ಣೆಗಳು ಪಟಪಟ ಸಿಡಿಯುವುದು ಗೇಟಿನವರೆಗೂ ಕೇಳಿಸುತ್ತಿತ್ತು. ನನ್ನ ಜೀವಕ್ಕೆ ಅದೊಂದು ಸಂಗೀತ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅಂಗೈಗೆ ಎಣ್ಣೆ ಸವರಿಕೊಂಡಿದ್ದಳು, ಬಿರುಕುಗಳು ಕೂಡುತ್ತಿದ್ದವು.

ಕಾರಿನ ಬಾಗಿಲು ತೆಗೆದೆ. ಕೆಂಚ ಹಾರಿ ಹೋಗಿ ಆಕೆಯ ಮೇಲೆ ಬೀಳುತ್ತಾನೆ ಎಂದುಕೊಂಡು ಪಕ್ಕಕ್ಕೆ ಸರಿದೆ. ಅವನು ಇಳಿದು ಮೈ ಕೊಡವಿದ. ಆಕೆಯನ್ನು ನೋಡಿ ಬಾಲ ಆಡಿಸಿದ. ಆಮೇಲೆ ಆಕೆಯ ಕಡೆ ಹೋಗದೆ ಸೀದಾ ನಲ್ಲಿಯ ಪಕ್ಕದ ಒಗೆಯುವ ಕಲ್ಲಿನ ಹತ್ತಿರ ನಡೆದ. ಕಲ್ಲು ಹತ್ತಿ ಕೂತ. ಕಿವಿ ಹಿಂದಕ್ಕೆ ಮಡಚಿ, ತಲೆ ತಗ್ಗಿಸಿ, ಕತ್ತು ಮುಂದೆ ಮಾಡಿ, ಕಣ್ಣು ಮುಚ್ಚಿದ.

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಆಕೆಗೆ ಆಗಿತ್ತು. ಡಾಕ್ಟರ ಹತ್ತಿರದಿಂದ ಬಂದ ಮೇಲೆ ಆ ಕಲ್ಲಿನ ಮೇಲೆ ಕೂತು ಉರಿಯುವ ನೀರು ಹಾಕಿಸಿಕೊಳ್ಳಬೇಕು. ಅಷ್ಟು ಅವನು ಕಲಿತಿದ್ದ.

“ಬ್ಯಾಡ ಕಣಪ್ಪ,” ಅಂದಳು ಆಕೆ. “ಇವತ್ತಿಲ್ಲ. ಏಳು.”

ಅವನು ಏಳಲಿಲ್ಲ. ಇನ್ನಷ್ಟು ತಲೆ ತಗ್ಗಿಸಿದ. ಗೋಡೆಯ ಹತ್ತಿರ ಫ್ಲೇಮ್ ಗನ್ನಿನ ಸದ್ದು ನಿಂತಿತು. ಭಾಷಣ ಬಿಟ್ಟು ನಾನು ಕಾರಿನ ಬಾಗಿಲು ಮೆಲ್ಲಗೆ ಮುಚ್ಚಿದೆ.

ಆಕೆ ಹೋಗಿ ಕಲ್ಲಿನ ಪಕ್ಕ ಒದ್ದೆ ನೆಲದ ಮೇಲೆ ಕೂತಳು. ಎಣ್ಣೆ ಸವರಿದ ಕೈಯನ್ನು ಹೊಸ ಕೂದಲು ಬಂದ ಅವನ ಬೆನ್ನಿನ ಮೇಲೆ ಇಡಲು ಹೋಗಿ, ಇಡದೆ, ಮಡಿಲಿಗೆ ತೆಗೆದುಕೊಂಡಳು.

“ನಾನು ಉಜ್ಜುವಾಗ ಒಂದ್ಸಲಾನೂ ಕಚ್ಚಲಿಲ್ಲ ಸಾ ಇದು,” ಅಂದಳು.

ಕೆಂಚ ಇನ್ನೂ ಕಣ್ಣು ಬಿಟ್ಟಿರಲಿಲ್ಲ.